ಗೋಲ್ಡನ್‌ಐ 007: ಒಂದೇ ಟಿವಿ, ನಾಲ್ಕು ಜನ
1997ರಲ್ಲಿ ನಿಂಟೆಂಡೊ 64 ಗೇಮ್ ಕನ್ಸೋಲ್‌ಗೆ ಬಂದ ಈ ಜೇಮ್ಸ್ ಬಾಂಡ್ ಶೂಟಿಂಗ್ ಆಟ 2023ರಲ್ಲಿ ನಿಂಟೆಂಡೊದ್ದೇ ಸ್ವಿಚ್‌ ಕನ್ಸೋಲ್‌ಗೂ ಬಂತು, ನಿಂಟೆಂಡೊ ಸ್ವಿಚ್ ಆನ್‌ಲೈನ್‌ನ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಚಂದಾ ಇದ್ದರೆ ಸಾಕು. ದಸರಾ ರಜೆಗೆ ಅಣ್ಣ, ಭಾವ, ಚಿಕ್ಕಪ್ಪನ ಮಗ ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದರು. ಚಾಪೆ ಹಾಸಿ ಕೂತು, ಟಿವಿ ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡು ರಾತ್ರಿ ಒಂದು ಗಂಟೆವರೆಗೂ ಆಡಿದೆವು. ಫೆಸಿಲಿಟಿ ಮ್ಯಾಪ್‌ನಲ್ಲಿ ಬಾಗಿಲ ಪಕ್ಕ ಪ್ರಾಕ್ಸಿಮಿಟಿ ಮೈನ್ (ಯಾರಾದರೂ ಹತ್ತಿರ ಬಂದರೆ ಸಿಡಿಯುವ ಬಾಂಬ್) ಅಂಟಿಸಿ, ಉಸಿರು ಬಿಗಿಹಿಡಿದು ಕಾಯುವ ಖುಷಿಯೇ ಬೇರೆ. ಪಕ್ಕದವನ ಪರದೆ ಕದ್ದು ನೋಡೋದೂ ಆಟವೇ, ಅಲ್ವಾ? ಆಟದ ಪಾತ್ರಗಳಲ್ಲಿ ಆಡ್‌ಜಾಬ್ ಕುಳ್ಳ, ಗುಂಡು ತಲೆ ಮೇಲೇ ಹಾರಿಹೋಗುತ್ತದೆ, ಅವನನ್ನು ಯಾರೂ ತಗೋಬಾರದು ಅಂತ ಅಣ್ಣ ಮೊದಲೇ ಹೇಳಿಬಿಟ್ಟ. ಗುರಿ ಹಿಡಿಯುವ ರೀತಿ ಹಳೇ ಕಾಲದ್ದು, ಕೈ ಪಳಗಲು ಅರ್ಧ ಗಂಟೆ ಬೇಕು. ಆನ್‌ಲೈನ್‌ನಲ್ಲೂ ಆಡಬಹುದು, ಆದರೆ ನನಗೆ ಸೋತವನ ಕೂಗು ಪಕ್ಕದಲ್ಲೇ ಕೇಳಬೇಕು.