ಕೌದಿ ಕಟ್ಟಿದ ಸ್ಟುಡಿಯೋದಾಗ ಮೂರು ತಾಸು

ಮೊದಲೇ ಹೇಳಿಬಿಡ್ತೀನಿ, ಸ್ಟುಡಿಯೋದ ಹೆಸರು ಹಾಕೋದಿಲ್ಲ. "ನಾಳಿ ಮತ್ತ ಅಲ್ಲೇ ಹೋಗಾಕಿ ಅದೀ, ಹೆಸರು ಬರದು ಜಗಳ ತರಬ್ಯಾಡ" ಅಂತ ಅಪ್ಪ ಅಂದಿದ್ದಾನೆ. ಬಾಗಲಕೋಟೆ ನವನಗರದಲ್ಲಿ ಒಂದು ಮೊಬೈಲ್ ಅಂಗಡಿ, ಅದರ ಮೇಲಿನ ಮಹಡಿ ಅಂದರೆ ಸಾಕು. ಹೊರಗೆ ಬೋರ್ಡಿನಲ್ಲಿ ಮದುವೆ ಫೋಟೋ, ಡ್ರೋನ್ ಶೂಟಿಂಗ್ ಅಂತ ದೊಡ್ಡದಾಗಿ ಬರೆದು, ತಳದಲ್ಲಿ ಸಣ್ಣ ಅಕ್ಷರದಲ್ಲಿ "ಹಾಡು ರೆಕಾರ್ಡಿಂಗ್" ಅಂತಿದೆ. ತಾಸಿಗೆ 500 ರೂಪಾಯಿ. ಎರಡು ತಾಸಿನಲ್ಲಿ ಮುಗೀತದೆ ಅಂತ ಹೋದವಳು ಮೂರು ತಾಸು ಕೂತೆ. ದನಿ, ವಾದ್ಯ ಕೂಡಿಸಿ ಹದ ಮಾಡೋ ಮಿಕ್ಸಿಂಗಿಗೆ 1500 ಬೇರೆ. ಆ ಮಿಕ್ಸಿಂಗ್ ತಿದ್ದೋದಕ್ಕೆ ಇನ್ನೊಂದು 500, ಅದರ ಕಥೆ ಮುಂದೆ ಹೇಳ್ತೀನಿ. ಒಟ್ಟು 3500.

ನಾನು ಬೀಳಗಿಯಾಕಿ. ವಯಸ್ಸು 17, ದ್ವಿತೀಯ ಪಿಯು. ಹಾಡು ನಾನೇ ಬರೆದು ನಾನೇ ಹಾಡ್ತೀನಿ. ಎರಡು ಗಣಪತಿ ಪೆಂಡಾಲು, ಒಂದು ಕುಬಸದ ಮನೆ, ಒಂದು ಬೀಳ್ಕೊಡುಗೆ ಸಮಾರಂಭ, ಇಷ್ಟರಲ್ಲಿ ಕೂಡಿದ್ದು 4200 ರೂಪಾಯಿ. ಅವ್ವನ ಶ್ಯಾವಿಗಿ ಡಬ್ಬಿಯಲ್ಲಿ ಇಟ್ಟಿದ್ದೆ. "ಇಷ್ಟು ರೊಕ್ಕ ಹಾಡಿಗೆ ಯಾಕ ಸುರೀತಿ" ಅಂದವರಿಗೆ ನನ್ನದು ಒಂದೇ ಉತ್ತರ: ಅಮೀರ್‌ಬಾಯಿ ಕರ್ನಾಟಕಿ ನಮ್ಮೂರಾಕಿ, ಹಳೇ ಹಿಂದಿ ಸಿನಿಮಾದ ಹಾಡುಗಾರ್ತಿ, ಹದಿನೈದನೇ ವರ್ಷಕ್ಕೇ ಮುಂಬೈ ದಾರಿ ಹಿಡಿದಿದ್ದಳು. ನಾನು ಅನಗವಾಡಿ ಸೇತುವೆ ದಾಟಿ ಬಾಗಲಕೋಟೆಗೆ ಹೋಗಿಬಂದರೆ ಏನು ಮುಳುಗ್ತದೆ?

ಜೊತೆಗೆ ಬಂದವನು ಕಾಕಾನ ಮಗ, ತೊಡೆ ಮೇಲೆ ಅವನ ಹಲಗಿ, ಅಂದರೆ ಚರ್ಮದ ತಮಟೆ. ಬಸ್ಸಿನಲ್ಲಿ ನನ್ನದು ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಪ್ರಯಾಣ, ಅವನದು ರೊಕ್ಕದ ಟಿಕೆಟ್. ಕಂಡಕ್ಟರ್ ಹಲಗಿ ನೋಡಿ, "ಇದು ಗಂಡೋ ಹೆಣ್ಣೋ ಹೇಳವಾ, ಟಿಕೆಟ್ ಹರೀತೀನಿ" ಅಂದ. ಇಡೀ ಬಸ್ಸು ನಕ್ಕಿತು.

ಈಗ ಸ್ಟುಡಿಯೋಕ್ಕೆ ಬರ್ತೀನಿ. ಒಳಗೆ ಕಾಲಿಟ್ಟಾಗ ನಾನು ಎಣಿಸಿದ್ದು ಕೌದಿಗಳನ್ನು. ಮೂರು ಗೋಡೆಗೆ ಒಂಬತ್ತು, ಬಾಗಿಲಿಗೆ ಒಂದು. ಹಳೇ ಇಳಕಲ್ ಸೀರೆಯ ಸೆರಗು, ಧೋತರದ ಅಂಚು, ಯಾರದೋ ಶಾಲೆಯ ನೀಲಿ ಅಂಗಿ, ಎಲ್ಲ ತುಂಡು ಕೂಡಿಸಿ ಸಾಲುಸಾಲು ಹೊಲಿಗೆ ಹಾಕಿದ ಅಸಲೀ ಕೌದಿ. ರೆಕಾರ್ಡಿಂಗ್ ಮಾಡೋ ಅಣ್ಣ ಅವನ್ನು ತನ್ನ ತಾಯಿಯ ಕಡೆಯಿಂದ ತಂದು ಕಟ್ಟಿದ್ದಂತೆ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಟ್ಟಿದ್ದಾನೆ, ಬಟ್ಟೆ ಗೋಡೆಗೆ ಅಂಟಿಕೊಂಡಿದ್ದರೆ ಅಷ್ಟು ಕೆಲಸ ಮಾಡೋದಿಲ್ಲ ಅಂತ. ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಹುಟ್ಟಿದಲ್ಲೇ ಸತ್ತಿತು. ನಮ್ಮ ಮನೆಯ ಪಡಸಾಲೆಯಲ್ಲಿ ಫೋನಿಗೆ ಹಾಡಿಕೊಂಡಾಗ ಕೇಳೋ ಆ ಡಬ್ಬಿಯೊಳಗಿನ ಸದ್ದು ಇಲ್ಲಿಲ್ಲ. ಆದರೆ ಕೌದಿ ತಿನ್ನೋದು ಸಣ್ಣ, ಚೂಪು ಸದ್ದನ್ನು ಮಾತ್ರ. ದಪ್ಪ ಸದ್ದಿಗೆ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಹತ್ತಿರಹತ್ತಿರ ಮೂರೂವರೆ ಮೀಟರ್ ಉದ್ದ. ಅದು ಹಲಗಿ ಬಾರಿಸಿದಾಗ ಗೊತ್ತಾಯಿತು, ಮೂಲೆಯಲ್ಲಿ ಗುಂಯ್ ಅಂತ ನಿಂತುಬಿಡ್ತು. ಅಣ್ಣ ತಾನೇ ಎದ್ದು ಹಲಗಿಯನ್ನು ಮೂಲೆಯಿಂದ ನಡುಕೋಣೆಗೆ ತಂದ, ಮೈಕನ್ನು ಎರಡು ಮೊಳ ಹಿಂದೆ ಸರಿಸಿದ. ಪರದೆ ಮೇಲೆ ಕೆಂಪಗೆ ಉರೀತಿದ್ದ ಗೆರೆ ಹಸಿರಿಗೆ ಇಳೀತು. ಇಷ್ಟು ತಿಳಿದವನು ಹತ್ತಿರದಲ್ಲೇ ಇದ್ದಾನಲ್ಲ ಅಂತ ಖುಷಿಯಾಯ್ತು.

ಖುಷಿ ಬಾಳ ಹೊತ್ತು ಉಳೀಲಿಲ್ಲ. ಎಸಿ ತಂಪಿಗೆ ಹಲಗಿಯ ಚರ್ಮ ಸಡಿಲಾಯಿತು. ಬಾರಿಸಿದರೆ ಒದ್ದೆ ಗೋಣಿಚೀಲ ಬಡಿದಂಗೆ. ಹಲಗಿ ಕಾಯಿಸದೆ ಬಾರಿಸೋಕಾಗೋದಿಲ್ಲ ಅನ್ನೋದು ನಮ್ಮ ಕಡೆ ಕೂಸಿಗೂ ಗೊತ್ತು. ಕೆಳಗೆ ಇಳಿದು, ಮೊಬೈಲ್ ಅಂಗಡಿಯವನ ಹತ್ತಿರ ಖಾಲಿ ರಟ್ಟಿನ ಡಬ್ಬಿ ಬೇಡಿ, ಓಣಿಯಲ್ಲಿ ಉರಿ ಹಾಕಿ, ಹಲಗಿ ಕಾಯಿಸಿ, ಓಡೋಡಿ ಮೇಲೆ ಹತ್ತಿ ಬಾರಿಸೋದು. ಹತ್ತು ನಿಮಿಷಕ್ಕೆ ಮತ್ತೆ ಸಡಿಲು. ಹೀಗೆ ಮೂರು ಸಲ. ಆ ಮೂರೂ ಸಲ ಗಡಿಯಾರ ಓಡ್ತಾ ಇತ್ತು, ಆ ಹೊತ್ತಿಗೂ ರೊಕ್ಕ ಹಿಡಿದರು. ಎಸಿ ಬಂದ್ ಮಾಡ್ರಿ ಅಂದರೆ "ಮಶೀನ್ ಕಾಯ್ತಾವು ತಂಗಿ" ಅನ್ನೋ ಉತ್ತರ. ಚರ್ಮದ ವಾದ್ಯ ಒಯ್ಯೋರು ಇದನ್ನ ಮೊದಲೇ ಮಾತಾಡಿಕೊಂಡು ಹೋಗ್ರಿ, ಕಾಯಿಸೋ ಹೊತ್ತು ಲೆಕ್ಕಕ್ಕೆ ಹಿಡೀಬಾರದು ಅಂತ.

ಹಾಡೋ ಸರದಿ ನನ್ನದು. ಹೆಡ್‌ಫೋನ್ ಹಾಕಿಕೊಂಡು ಎರಡು ಸಾಲು ಹಾಡಿದೆ, ಅಣ್ಣ ಕೈ ಎತ್ತಿ ನಿಲ್ಲಿಸಿದ. "ಬಳಿ ತಗದಿಡವಾ." ನನ್ನ ಕಿವಿಗೆ ಬೀಳದ ಗಾಜಿನ ಬಳೆಯ ಸದ್ದು ಆ ಮೈಕಿಗೆ ಬಿದ್ದಿತ್ತು. ತೆಗೆದಿಟ್ಟೆ. ಆಮೇಲೆ ನನ್ನ ದನಿ ನನಗೇ ಕೇಳಿಸಿದ, ಎಕೋ ಇಲ್ಲ, ಏನೂ ಇಲ್ಲ, ಬರೇ ದನಿ. ಪೆಂಡಾಲಿನ ಸ್ಪೀಕರಿನಲ್ಲಿ ಎಕೋ ತುಂಬಿಸಿಕೊಂಡೇ ಹಾಡಿದವಳಿಗೆ ಅದು ಒಳ್ಳೇ ಶಿಕ್ಷೆ. "ಉಳೀತ" ಅನ್ನುವಾಗ "ಳ" ನುಂಗ್ತೀನಿ, ಸಾಲಿನ ಕೊನೆಯಲ್ಲಿ ಉಸಿರು ಸಾಲೋದಿಲ್ಲ, ಎಲ್ಲ ಬಯಲಾಯ್ತು. "ರಿವರ್ಬ್ ಸ್ವಲ್ಪ ಹಾಕ್ರಿ ಅಣ್ಣಾ" ಅಂತ ಗೋಗರೆದೆ. "ಈಗ ಹಾಕಿದ್ರ ಗೋಳಗುಮ್ಮಟದಾಗ ನಿಂತು ಹಾಡಿದಂಗ ಆಕ್ಕೈತಿ, ತಪ್ಪು ನಿನಗ ಕೇಳಂಗಿಲ್ಲ. ಆಮ್ಯಾಲ ಹಾಕೂಣು" ಅಂದ. ಏಳು ಸಲ ಹಾಡಿಸಿದ. ಏಳನೆಯದೇ ಉಳಿಸಿಕೊಂಡಿದ್ದು. ಕೊಟ್ಟ ರೊಕ್ಕ ನನಗೆ ಪೂರ್ತಿ ವಸೂಲಾದದ್ದು ಈ ಒಂದು ತಾಸಿನಲ್ಲಿ.

ಮಿಕ್ಸಿಂಗ್ ಮಾಡಿದ ಹಾಡು ನಾಲ್ಕು ದಿನಕ್ಕೆ ವಾಟ್ಸ್ಆ್ಯಪಿನಲ್ಲಿ ಬಂತು. ಕೇಳಿದೆ. ಚೆಂದ ಇತ್ತು. ನನ್ನದಾಗಿರಲಿಲ್ಲ.

ಏನಾಗಿತ್ತು ಅಂದರೆ, ಹಾಡು "ಕಡೀ ಬಸ್ಸು." ಮಾತು ನನ್ನವು, ಧಾಟಿ ನಮ್ಮ ಆಯಿ, ಅಂದರೆ ಅಜ್ಜಿ, ಬೀಸುವಾಗ ಹಾಡೋ ಪದದ್ದು. "ಕಡೀ ಬಸ್ಸು ಹೋತ, ಕೈಯಾಗ ಚೀಲ ಉಳೀತ" ಅನ್ನೋ ಸಾಲಿನಲ್ಲಿ "ಹೋತ" ಎಳೀಬೇಕು. ಆಯಿ ಅಲ್ಲಿ ಗಾಂಧಾರಕ್ಕೆ ಏರ್ತಾಳೆ, ಆದರೆ ನಿಲ್ಲೋದಿಲ್ಲ, ಬೀಸೋಕಲ್ಲಿನ ಗೂಟ ತನ್ನ ಎದೆ ಕಡೆ ತಿರುಗಿ ಬರೋವಷ್ಟು ಹೊತ್ತು ರಿಷಭದ ಕಡೆ ಜಾರ್ತಾ ಬರ್ತಾಳೆ. ಕಲ್ಲಿನ ತಿರುವೇ ಆ ಜಾರು. ನಾನೂ ಹಂಗೇ ಹಾಡಿದ್ದೆ. ಬಂದ ಫೈಲಿನಲ್ಲಿ ಅದು ಮೆಟ್ಟಿಲಾಗಿತ್ತು: ಗ, ಟಕ್ ಅಂತ ರಿ. ಸ್ವರ ತಿದ್ದೋ ಆಟೋಟ್ಯೂನ್ ಹಾಕಿ, ಎಷ್ಟು ಬೇಗ ತಿದ್ದಬೇಕು ಅನ್ನೋ ರಿಟ್ಯೂನ್ ಸ್ಪೀಡನ್ನು ಸೊನ್ನೆಯ ಹತ್ತಿರಕ್ಕೆ ತಂದಿಟ್ಟಿದ್ದ. ಸೊನ್ನೆ ಅಂದರೆ ದನಿ ಜಾರೋ ಮುಂಚೆಯೇ ಎಳೆದು ಪಕ್ಕದ ಸ್ವರಕ್ಕೆ ಕೂರಿಸ್ತದೆ. 1997ರಲ್ಲಿ ಆ ಸಾಫ್ಟ್‌ವೇರ್ ಮಾರುಕಟ್ಟೆಗೆ ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ನೆಲದೊಳಗೆ ಎಣ್ಣೆ ಹುಡುಕೋ ಕಂಪನಿಗಳಿಗೆ ಭೂಕಂಪನದ ಅಲೆ ಲೆಕ್ಕ ಹಾಕಿಕೊಡ್ತಿದ್ದವನು. ನೆಲದ ಲೆಕ್ಕದಿಂದ ಬಂದವನ ಮಶೀನಿಗೆ ನಮ್ಮ ಆಯಿಯ ಜಾರು ತಪ್ಪು ಸ್ವರವಾಗಿ ಕಂಡರೆ ಆಶ್ಚರ್ಯವೇನಿಲ್ಲ ಬಿಡ್ರಿ, ಆದರೆ ಮಶೀನ್ ಮುಂದೆ ಕೂತವನು ಬಾಗಲಕೋಟೆಯವನೇ ಇದ್ದನಲ್ಲ!

ಮರುದಿನವೇ ಬಸ್ಸು ಹತ್ತಿದೆ. ಫೋನಿನಲ್ಲಿದ್ದ ಆಯಿಯ ಹಾಡು ಕೇಳಿಸಿದೆ, ಜೋಳ ಬೀಸೋ ಸದ್ದು, ಬಳೆ ಸದ್ದು ಎಲ್ಲ ಸಮೇತ. ಅಣ್ಣ ಎರಡು ಸಲ ಕೇಳಿದ. ಮೂರನೇ ಸಲ ಕಣ್ಣು ಮುಚ್ಚಿ ಬೆರಳು ಗಾಳಿಯಲ್ಲಿ ತಿರುವಿದ. "ಇದನ್ನ ಮೊದಲೇ ಕೇಳಸಬೇಕಿತ್ತಲ್ಲ ತಂಗಿ." ಖರೇ, ಅದು ನನ್ನ ತಪ್ಪು. ಅರ್ಧ ತಾಸಿನಲ್ಲಿ ಆಟೋಟ್ಯೂನ್ ಪೂರ್ತಿ ತೆಗೆದ, ಜಾರು ವಾಪಸ್ ಬಂತು. ಆಮೇಲೆ 500 ಇಸಕೊಂಡ. ಕೇಳದೆ ಹಾಕಿದ್ದನ್ನು ತೆಗೆಯೋದಕ್ಕೆ ರೊಕ್ಕ ಯಾಕೆ ಅಂತ ನಾನು, ಮಿಕ್ಸಿಂಗ್ ಎರಡು ಸಲ ಆತಲ್ಲ ಅಂತ ಅವನು. ಅವ್ವನ ಡಬ್ಬಿ ಸೋತಿತು.

ಇನ್ನೊಂದು ಜಗ್ಗಾಟ ಫೈಲಿನದು. ಮೊದಲು ಬಂದದ್ದು ಮೂರೂವರೆ ಎಂಬಿಯ ಎಂಪಿ3. ನನ್ನ ಹಾಡು 3 ನಿಮಿಷ 40 ಸೆಕೆಂಡ್. ಒತ್ತಿ ಸಣ್ಣದು ಮಾಡದ ವೇವ್ ಫೈಲಾದರೆ (16 ಬಿಟ್, 44.1 ಕಿಲೋಹರ್ಟ್ಸ್, ಸ್ಟೀರಿಯೋ) ಅದು ಹೆಚ್ಚುಕಡಿಮೆ 39 ಎಂಬಿ ಇರಬೇಕು. ಹಾಡನ್ನು ಆ್ಯಪುಗಳಿಗೆ ಹಾಕೋ ಸರ್ವಿಸಿನವರು ಎಂಪಿ3 ತಗೊಳ್ಳಲಿಲ್ಲ, ವಾಪಸ್ ಕಳಿಸಿದರು. ವೇವ್ ಕೇಳಿದೆ, ಕೊಟ್ಟ. ದನಿ ಬೇರೆ, ಹಲಗಿ ಬೇರೆ ಫೈಲ್ ಕೊಡ್ರಿ ಅಂದದ್ದಕ್ಕೆ ಮುಖ ಸಣ್ಣದು ಮಾಡಿದ, ಆದರೂ ಪೆನ್‌ಡ್ರೈವಿಗೆ ಹಾಕಿಕೊಟ್ಟ. ರೊಕ್ಕ ಕೈಯಲ್ಲಿ ಹಿಡಿದಿರುವಾಗಲೇ ಇದನ್ನ ಕೇಳ್ರಿ, ಕೊಟ್ಟ ಮೇಲೆ ಅಲ್ಲ.

ರಸೀತಿಯ ಬೆನ್ನಿಗೆ ಸಣ್ಣಗೆ ಒಂದು ಸಾಲಿತ್ತು, ಹಾಡನ್ನು ಸ್ಟುಡಿಯೋದ ಯೂಟ್ಯೂಬ್ ಚಾನೆಲ್ಲಿಗೆ ಹಾಕೋ ಹಕ್ಕು ಅವರದು ಅಂತ. ನನಗಿನ್ನೂ 18 ತುಂಬಿಲ್ಲ, 1872ರ ಕರಾರು ಕಾಯ್ದೆ ಪ್ರಕಾರ ನನ್ನ ಸಹಿಗೆ ಬೆಲೆಯಿಲ್ಲ. ಅಪ್ಪನ ಸಹಿಗೆ ಒಯ್ದೆ. ಅಪ್ಪ ಕಿರಾಣಿ ಅಂಗಡಿಯವನು, ಚೀಟಿಯ ಎರಡೂ ಮಗ್ಗಲು ಓದದೆ ಬಿಡೋನಲ್ಲ. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ ಕೊಟ್ಟ. ಸ್ಟುಡಿಯೋದವರು ಏನೂ ಅನ್ನಲಿಲ್ಲ.

ಹಾಡು ಈಗ ಆ್ಯಪುಗಳಲ್ಲಿದೆ, ಒಂದೊಂದು ರೆಕಾರ್ಡಿಂಗಿಗೆ ಒಂದೊಂದು ಇರೋ, 12 ಅಕ್ಷರ-ಅಂಕಿಯ ತನ್ನದೇ ಐಎಸ್ಆರ್‌ಸಿ ಗುರುತಿನ ಜೊತೆ. ಸ್ಪಾಟಿಫೈನವರು 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸದ ಹಾಡಿಗೆ ರೊಕ್ಕ ಕೊಡೋದಿಲ್ಲ. ನನ್ನದು 412. ಅದರಲ್ಲಿ ನೂರಾದರೂ ಕಾಕಾನ ಮಗನದೇ, ತನ್ನ ಹಲಗಿ ಕೇಳೋದಕ್ಕೆ.

ನನ್ನ ಲೆಕ್ಕ ಇಷ್ಟು: ರೆಕಾರ್ಡಿಂಗಿಗೆ ಕಣ್ಣುಮುಚ್ಚಿ ಹೋಗ್ರಿ. ಮಿಕ್ಸಿಂಗಿಗೆ ಪಕ್ಕದಲ್ಲೇ ಕುಂತು ಮಾಡಿಸೋದಾದರೆ ಸರಿ, ಮನೆಗೆ ಕಳಸ್ತೀನಿ ಅಂದರೆ ಬ್ಯಾಡ. ನನ್ನ ಎರಡನೇ ಹಾಡು ಪರೀಕ್ಷೆ ಮುಗಿದ ಮೇಲೆ. ಈ ಸಲ ಆಯಿಯೂ ಬರ್ತಾಳೆ, ಎರಡು ಸಾಲು ಆಕಿದೇ ದನಿ ಬೇಕು. ಬಳೆ ಮಾತ್ರ ತೆಗೆಯೋದಿಲ್ಲ ಅಂತ ಈಗಲೇ ಹೇಳಿದಾಳೆ. ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. "ಬರಲಿ, ಬಳಿಗೆ ಬ್ಯಾರೆ ಮೈಕ್ ಹಚ್ಚೂಣು" ಅಂದ.