ದರಿಯಾ ದೌಲತ್‌ಗೆ ‘ಎಂಟು ಪಾಯಿಂಟ್’ ಕಾರಲ್ಲಿ ಹೋಗಬೇಡಿ

ಮೈಸೂರು ಅರಮನೆ ಸುತ್ತಮುತ್ತ ಲ್ಯಾಮಿನೇಟ್ ಮಾಡಿಸಿದ ಫೋಟೊ ಹಿಡ್ಕೊಂಡು, "ಶ್ರೀರಂಗಪಟ್ಟಣ ಎಂಟು ಪಾಯಿಂಟ್ ಸಾರ್, ಅರ್ಧ ದಿನ, ಗೈಡ್ ಫ್ರೀ" ಅಂತ ಯಾರಾದರೂ ಹಿಂದೆ ಬಿದ್ದರೆ, ಕೈ ಮುಗಿದು ಮುಂದಕ್ಕೆ ನಡೆದುಬಿಡಿ. ನಾವು ನಿಂತು ಮಾತಾಡಿದೆವು. ಅಲ್ಲೇ ಕೆಟ್ಟಿದ್ದು. ಹೋದ ದುಡ್ಡು ದೊಡ್ಡದೇನಲ್ಲ. ಹೊಟ್ಟೆ ಉರಿದದ್ದು ಅತ್ತೆಯ ಮುಖ ನೋಡಿ.

ನಮ್ಮ ಅತ್ತೆ ಚಿತ್ರದುರ್ಗದವರು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡಿ ರಿಟೈರ್ ಆದವರು. ಎರಡನೇ ಮೈಸೂರು ಯುದ್ಧ, 1780, ಪೊಲ್ಲಿಲೂರು, ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೈಲಿ ಸೆರೆ, ಇದನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆದವರು. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆಯ ಮೇಲಿದೆ ಅಂತ ಮಕ್ಕಳಿಗೆ ಹೇಳುತ್ತಿದ್ದರೂ ತಾವು ಮಾತ್ರ ನೋಡಿರಲಿಲ್ಲ. ಅವರಿಗೆ ಇನ್ನೊಂದು ಆಸೆ ಇತ್ತು. ಅದೇ ಕಟ್ಟಡದ ಪೂರ್ವದ ಗೋಡೆಯಲ್ಲಿ ಮದಕರಿ ನಾಯಕನ ದರ್ಬಾರಿನ ಚಿತ್ರವೂ ಇದೆ. 1779ರಲ್ಲಿ ಹೈದರಾಲಿ ದುರ್ಗ ಗೆದ್ದು ಮದಕರಿ ನಾಯಕನನ್ನು ಸೆರೆ ಹಿಡಿದು ಕರೆದೊಯ್ದದ್ದು ಇದೇ ಶ್ರೀರಂಗಪಟ್ಟಣಕ್ಕೆ. "ನಮ್ಮ ದೊರೇನ ಹಿಡ್ಕೊಂಡು ಹೋದೋರ ಮನೆ ಗೋಡೆ ಮೇಲೇ ಅವನ ಚಿತ್ರ ಅಂತೆ. ಒಂದ್ಸಲ ನೋಡ್ಬೇಕು ಕಣ್ರೀ" ಅಂತ ವರ್ಷಗಟ್ಟಲೆ ಹೇಳಿದ್ದರು. ಈ ಸಲ ಕ್ರಿಸ್‌ಮಸ್ ರಜೆಗೆ ಮೈಸೂರಿಗೆ ಹೊರಟದ್ದೇ ಅದಕ್ಕೆ. ಮಂಡಿನೋವು ಇದ್ದರೂ ಬಂದರು.

2,200 ಅಂದವನು 2,000ಕ್ಕೆ ಒಪ್ಪಿಕೊಂಡ. ಹತ್ತಕ್ಕೆ ಬರಬೇಕಿದ್ದ ಕಾರು ಬಂದದ್ದು ಹನ್ನೊಂದೂವರೆಗೆ. ಡ್ರೈವರ್ ಜೊತೆ ಮುಂದಿನ ಸೀಟಿನಲ್ಲಿ ಇನ್ನೊಬ್ಬ. ಅವನೇ ಗೈಡ್. ನಾನು, ಹೆಂಡತಿ, ಅತ್ತೆ, ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು ಹಿಂದೆ ಒತ್ತಿಕೊಂಡು ಕೂತೆವು.

ಮೈಸೂರಿನಿಂದ ಶ್ರೀರಂಗಪಟ್ಟಣ ಹದಿನೈದು ಹದಿನಾರು ಕಿಲೋಮೀಟರ್, ಅಷ್ಟೇ. ಆದರೆ ಕಾರು ಮೊದಲು ನಿಂತದ್ದು ರೇಷ್ಮೆ ಸೀರೆ ಅಂಗಡಿಯ ಮುಂದೆ. "ನೋಡೋಕೆ ದುಡ್ಡಿಲ್ಲ ಸಾರ್, ಹತ್ತೇ ನಿಮಿಷ." ಹತ್ತು ನಿಮಿಷ ನಲವತ್ತಾಯಿತು. ಆಮೇಲೆ ಗಂಧದೆಣ್ಣೆ, ಅಗರಬತ್ತಿ ಮಾರುವ ಅಂಗಡಿ. ಅಲ್ಲಿನವನು ನಮ್ಮ ಮುಂಗೈಗೆಲ್ಲ ಒಂದೊಂದು ಎಣ್ಣೆ ಸವರಿ ಮೂಸಿ ನೋಡಿ ಅಂದ. ಕೊಳ್ಳದೆ ಹೊರಗೆ ಬರುವಾಗ ಬಾಗಿಲಲ್ಲಿದ್ದ ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಕಾರಿನ ನಂಬರ್ ಬರೆದುಕೊಳ್ಳುತ್ತಿದ್ದ. ಮೇಲಿನ ಸಾಲುಗಳಲ್ಲೂ ಬರೀ ಕಾರ್ ನಂಬರ್, ಪಕ್ಕದಲ್ಲಿ ಟೈಮು, ಎಷ್ಟು ಜನ ಅನ್ನೋ ಲೆಕ್ಕ. ಆಗ ಗೊತ್ತಾಯಿತು, ಈ ಟೂರಿನಲ್ಲಿ ನಾವು ಗಿರಾಕಿಗಳಲ್ಲ, ಸರಕು. ಗೊತ್ತಾಗಿ ಏನು ಮಾಡೋಣ, ಅರ್ಧ ದುಡ್ಡು ಮೊದಲೇ ಕೊಟ್ಟಾಗಿತ್ತು.

ಅಲ್ಲಿಂದ ಊಟ. ಅದೂ ಅವರು ಹೇಳಿದ ಹೋಟೆಲ್ಲಿನಲ್ಲೇ. ಊಟ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ.

ಶ್ರೀರಂಗಪಟ್ಟಣ ಮುಟ್ಟಿದಾಗ ರಂಗನಾಥಸ್ವಾಮಿ ದೇವಸ್ಥಾನದ ಬಾಗಿಲು ಹಾಕಿತ್ತು. ಗೋಪುರಕ್ಕೆ ಕೈ ಮುಗಿದದ್ದೇ ಒಂದು ಪಾಯಿಂಟ್. ಟಿಪ್ಪು ಬಿದ್ದ ಜಾಗ ಕಾರಿನ ಕಿಟಕಿಯಲ್ಲಿ ಒಂದು ಪಾಯಿಂಟ್. ಬೈಲಿಯ ಬಂದೀಖಾನೆ, ಸಂಗಮ, ನಿಮಿಷಾಂಬ, ಗುಂಬಜ್ ಮುಂತಾದವೂ ಹಾಗೇ. "ಬೇಗ ಬೇಗ ಸಾರ್." ದರಿಯಾ ದೌಲತ್ ಮುಚ್ಚುವುದು ಸಂಜೆ 5ಕ್ಕೆ. ಗೇಟಿನ ಮುಂದೆ ಕಾರು ನಿಂತಾಗ ಗಂಟೆ 4:25.

ಗೈಡ್ ಮೊದಲು ಇಳಿದ. "ಕ್ಯೂ ಇದೆ ಸಾರ್, ಟಿಕೆಟ್ ನಾನೇ ತರ್ತೀನಿ, ತಲೆಗೆ ನೂರು ಕೊಡಿ." ಅವಸರದಲ್ಲಿ ಐನೂರು ಕೊಟ್ಟೆ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ದರಿಯಾ ದೌಲತ್ ಅಂದರೆ ಮೈಸೂರು ಅರಮನೆ ಥರ ದೊಡ್ಡದು ಅಂದುಕೊಳ್ಳಬೇಡಿ. 1784ರಲ್ಲಿ ಟಿಪ್ಪು ಕೋಟೆಯ ಹೊರಗೆ, ಕಾವೇರಿ ದಡದಲ್ಲಿ ಕಟ್ಟಿಸಿದ ಬೇಸಿಗೆ ಮನೆ. ತೇಗದ ಕಂಬಗಳ ಮೇಲೆ ನಿಂತ, ಸುತ್ತ ಜಗಲಿ ಇರುವ, ದೊಡ್ಡ ಮನೆಯಷ್ಟೇ ಇರುವ ಕಟ್ಟಡ. ಟಿಪ್ಪು ಸತ್ತ ಮೇಲೆ ಆರ್ಥರ್ ವೆಲ್ಲೆಸ್ಲಿ, ಆಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದನಲ್ಲ ಅವನೇ, ಇಲ್ಲಿ ವಾಸವಿದ್ದ. ಈಗ ಪುರಾತತ್ವ ಇಲಾಖೆಯ ಮ್ಯೂಸಿಯಂ. ಬಿಸಿಲಿಗೆ ಚಿತ್ರ ಮಾಸದಿರಲಿ ಅಂತ ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ, ಹಾಗಾಗಿ ದೂರದಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಗೇಟಿನಿಂದ ಕಟ್ಟಡದವರೆಗೆ ತೋಟದ ನಡುವೆ ಉದ್ದಕ್ಕೆ ನಡೆಯಬೇಕು.

ಆ ನಡಿಗೆಗೇ ಅತ್ತೆಗೆ ಹತ್ತು ನಿಮಿಷ ಹಿಡಿಯಿತು. ಗೈಡ್ ಮುಂದೆ ಹೋಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಕೋಳಿ ಓಡಿಸುವ ಹಾಗೆ. ಒಳಗೆ ಹೋದರೆ ಪರದೆಯ ನೆರಳು, ಸಂಜೆಯ ಮಬ್ಬು. ಪಡುವಣ ಗೋಡೆಯ ಮೇಲೆ ಇಡೀ ಪೊಲ್ಲಿಲೂರು, ಕಣ್ಣಿಗೆ ಸರಿಯಾಗಿ ಹತ್ತುತ್ತಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಹುಡುಕುತ್ತಿದ್ದರು. ಗೈಡ್ ಪಲ್ಲಕ್ಕಿ ಕಡೆ ಬೆರಳು ತೋರಿಸಿ, "ಇದು ಟಿಪ್ಪು ಮದುವೆ ಮೆರವಣಿಗೆ ಅಮ್ಮಾ. ಇಲ್ಲಿಂದ ಮೈಸೂರು ಅರಮನೆಗೆ ಸುರಂಗ ಇದೆ. ನಡೀರಿ ನಡೀರಿ" ಅಂದ.

"ಯಾವ ಮದುವೆನಪ್ಪಾ? ಪಲ್ಲಕ್ಕಿಲಿ ಕೂತಿರೋನು ಬೈಲಿ. ಗಾಯ ಆಗಿ ಕೂತಿದಾನೆ" ಅಂದರು ಅತ್ತೆ.

ಅವನಿಗೆ ಸಿಟ್ಟು ಬಂತು. "ಹದಿನೈದು ವರ್ಷದಿಂದ ಇದೇ ಕೆಲಸ ನಂದು" ಅಂತ ಗೊಣಗಿದ. ಒಳಗೆ ಮ್ಯೂಸಿಯಂ ಕೋಣೆಗಳಲ್ಲಿ ನಾಣ್ಯ, ಕತ್ತಿ, ಟಿಪ್ಪು ಮಕ್ಕಳ ಚಿತ್ರಗಳನ್ನು ಮಕ್ಕಳು ಓಡುತ್ತಾ ನೋಡಿದವು. ಪೂರ್ವದ ಗೋಡೆ ಎಲ್ಲಿ ಅಂತ ಕೇಳಿದೆ. "ಅಲ್ಲಿ ಏನೂ ಇಲ್ಲ ಸಾರ್, ಬರೀ ರಾಜರ ಫೋಟೊ" ಅಂದ. ಅಷ್ಟರಲ್ಲಿ ಸೆಕ್ಯೂರಿಟಿಯವರು ಸೀಟಿ ಊದಿದರು. ಅವರ ತಪ್ಪಲ್ಲ, ಟೈಮ್ ಆಗಿತ್ತು. ಅತ್ತೆ ಒಂದು ಮಾತೂ ಆಡದೆ ತೋಟದ ದಾರಿಯಲ್ಲಿ ವಾಪಸ್ ನಡೆದರು. ಕಾರಿನಲ್ಲೂ ಮಾತಿಲ್ಲ.

ರಾತ್ರಿ ಲಾಡ್ಜಿನಲ್ಲಿ ಅವರು ಬ್ಯಾಗ್ ಖಾಲಿ ಮಾಡುವಾಗ ಟಿಕೆಟ್ ಸಿಕ್ಕವು. ಅತ್ತೆ ಬಸ್ ಟಿಕೆಟ್ಟನ್ನೂ ಬಿಸಾಡುವವರಲ್ಲ. ಮಡಿಸಿದ್ದನ್ನು ಮಂಚದ ಮೇಲೆ ಬಿಡಿಸಿ, ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡಿ, ಎಣಿಸಿದರು. ಐದು ಇರಬೇಕಿತ್ತು. ಇದ್ದದ್ದು ಮೂರು. ಒಂದೊಂದರ ಮೇಲೂ 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಎಪ್ಪತ್ತೈದು ರೂಪಾಯಿ ಕೆಲಸಕ್ಕೆ ಐನೂರು ಕೊಟ್ಟಿದ್ದೆ. ಹೆಂಡತಿ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವುದು ಬೇಡ.

ಏಜೆಂಟಿಗೆ ಫೋನ್ ಮಾಡಿದೆ. "ಎಂಟು ಪಾಯಿಂಟ್ ಅಂದಿದ್ವಿ, ಎಂಟೂ ತೋರ್ಸಿದೀವಲ್ಲ ಸಾರ್?" ಅಂದ. ಲೆಕ್ಕ ಹಾಕಿದರೆ ಹೌದು, ಎಂಟೂ ಆಗಿತ್ತು! ಟಿಕೆಟ್ ವಿಷಯ ಎತ್ತಿದ ಮೇಲೆ ಫೋನ್ ಕಟ್. ಗಾಡಿ ನಂಬರ್ ನಾನು ಬರೆದಿಟ್ಟುಕೊಂಡಿರಲಿಲ್ಲ. ಆ ಅಂಗಡಿ ಹುಡುಗ ಬರೆದುಕೊಂಡಿದ್ದ, ನಾನು ಬರೆದುಕೊಂಡಿರಲಿಲ್ಲ. ಬಿಲ್ಲೂ ಇಲ್ಲ. ಪೊಲೀಸರಿಗೆ ಏನಂತ ಹೇಳುವುದು? ನೀವು ಇಷ್ಟಾದರೂ ಮಾಡಿ, ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ.

ಮಾರನೇ ದಿನ ದುರ್ಗದ ಬಸ್ಸನ್ನು ಮಧ್ಯಾಹ್ನಕ್ಕೆ ಹಾಕಿಕೊಂಡು ಬೆಳಗ್ಗೆ ನಾವೇ ಹೊರಟೆವು. ಶ್ರೀರಂಗಪಟ್ಟಣಕ್ಕೆ ಸಾಮಾನ್ಯ ಬಸ್ಸು ಬೇಕಾದಷ್ಟಿವೆ. ಶಕ್ತಿ ಯೋಜನೆಯಲ್ಲಿ ಅತ್ತೆಗೂ ಹೆಂಡತಿಗೂ ಫ್ರೀ, ಆಧಾರ್ ತೋರಿಸಿದರೆ ಆಯಿತು. ಬಸ್ ಸ್ಟ್ಯಾಂಡಿಂದ ಆಟೊ. ಬಾಗಿಲು 9ಕ್ಕೆ ತೆಗೆಯುತ್ತಾರೆ, ನಾವು 9:20ಕ್ಕೆ ಒಳಗಿದ್ದೆವು. ಒಟ್ಟು ಖರ್ಚು, ಕಾಫಿ ಸೇರಿ, ಹಿಂದಿನ ದಿನ ಗೈಡ್ ಜೇಬಿಗೆ ಹೋದದ್ದಕ್ಕಿಂತ ಕಡಿಮೆ.

ಬೆಳಗಿನ ಬೆಳಕಿನಲ್ಲಿ ಅದೇ ಗೋಡೆ ಬೇರೆಯೇ ಥರ ಕಂಡಿತು. ನಡುವೆ ಚೌಕಾಕಾರದಲ್ಲಿ ನಿಂತ ಇಂಗ್ಲಿಷ್ ಪಡೆ, ಅದರೊಳಗೆ ಸಿಡಿಯುತ್ತಿರುವ ಮದ್ದಿನ ಬಂಡಿ. ಪಲ್ಲಕ್ಕಿಯಲ್ಲಿ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ನಿನ್ನೆ ಕಿಟಕಿಯಿಂದ ನೋಡಿದೆವಲ್ಲ, ಇವನದೇ ಬಂದೀಖಾನೆ. ಕೊನೆಗೆ ಅವನು ಈ ಊರಿನ ಸೆರೆಯಲ್ಲೇ ಸತ್ತ, 1782ರಲ್ಲಿ. ಟಿಪ್ಪು ಮಾತ್ರ ಯುದ್ಧದ ನಡುವೆ ಹೂವು ಮೂಸುತ್ತಿದ್ದಾನೆ. ಒಂದು ಕಡೆ ಹೈದರಾಬಾದಿನ ನಿಜಾಮ ಎಲ್ಲ ಮುಗಿದ ಮೇಲೆ ಸೈನ್ಯ ಕಟ್ಟಿಕೊಂಡು ಬರುತ್ತಿದ್ದಾನೆ, ಚಿತ್ರಗಾರ ಅವನನ್ನು ಬೇಕೆಂದೇ ಗೇಲಿ ಮಾಡಿದ್ದಾನೆ. ಅತ್ತೆ ಮೊದಲ ಸಲ ನಕ್ಕರು. "ನಿನ್ನೆ ನಾವೂ ಹಿಂಗೇ ಬಂದ್ವಿ, ಅಲ್ವಾ ಅಳಿಯಂದ್ರೇ."

ಪೂರ್ವದ ಗೋಡೆಗೆ ಹೋಗಿ ಮುಕ್ಕಾಲು ಗಂಟೆ ನಿಂತರು. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಮಾಗಡಿ ಕೆಂಪೇಗೌಡ, ಒಬ್ಬೊಬ್ಬರದೂ ಒಂದೊಂದು ಚೌಕದ ದರ್ಬಾರು. ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ. "ಟಿಪ್ಪು ಸತ್ತಾಗ ಇವರಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಹಾಗಾದ್ರೆ ಇದು ಆಮೇಲೆ ಬರೆದದ್ದು" ಅಂತ ದೊಡ್ಡ ಮಗಳಿಗೆ ಪಾಠ ಶುರುವಾಯಿತು. ನಿಜ, ಈ ಚಿತ್ರಗಳಿಗೆ ಒಮ್ಮೆ ಸುಣ್ಣ ಬಳಿದಿದ್ದರು. ವೆಲ್ಲೆಸ್ಲಿ ಸರಿ ಮಾಡಿಸಿದ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಮದಕರಿ ನಾಯಕ ಸಿಕ್ಕಾಗ ಅತ್ತೆ ಚಪ್ಪಾಳೆ ತಟ್ಟಲಿಲ್ಲ, ಏನೂ ಇಲ್ಲ. ಸೆರಗು ಸರಿ ಮಾಡಿಕೊಂಡು ಸುಮ್ನೆ ನಿಂತರು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಹಾಗಾಗಿ ನನ್ನ ಹತ್ತಿರ ತೋರಿಸಲು ಏನೂ ಇಲ್ಲ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಒಂದೆರಡು ಮಾತು. ಗೇಟಿನಿಂದ ನಡಿಗೆ ಜಾಸ್ತಿ, ಮಧ್ಯೆ ನೆರಳಲ್ಲಿ ನಿಂತು ಹೋಗಿ. ಕಟ್ಟಡ ಎತ್ತರದ ಜಗಲಿ ಮೇಲಿದೆ, ನಾಲ್ಕಾರು ಮೆಟ್ಟಿಲು ಹತ್ತಬೇಕು. ಟಿಕೆಟ್ ನೀವೇ ಕೌಂಟರಿನಲ್ಲಿ ತಗೊಳ್ಳಿ, ದರ ಅಲ್ಲೇ ಬೋರ್ಡಿನಲ್ಲಿದೆ. ಗೈಡ್ ಬೇಕೇ ಬೇಕು ಅಂದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ, ರೇಟು ಮೊದಲೇ ಮಾತಾಡಿ. ಆಮೇಲೆ ಪಲ್ಲಕ್ಕಿ ತೋರಿಸಿ ಒಳಗೆ ಕೂತಿರೋದು ಯಾರು ಅಂತ ಕೇಳಿ. ಮದುಮಗ ಅಂದರೆ ಅವನನ್ನು ಅಲ್ಲೇ ಬಿಟ್ಟು ನೀವು ಮುಂದಕ್ಕೆ ಹೋಗಿ.