‘ಹೊಸ ಮಷಿನ್ ಇದೆ, ಒಳಗಿನ ರೇಡಿಯೇಷನ್ ಬೇಡ’ ಅಂದರೆ ಸುಮ್ನೆ ಒಪ್ಪಬೇಡಿ

ಅಕ್ಕನಿಗೆ 25ನೇ ರೇಡಿಯೇಷನ್ ಆದ ದಿನ ಅಂತೂ ಮುಗಿಯಿತು ಅಂದುಕೊಂಡಿದ್ದೆ. ಚಿಕಿತ್ಸೆಯ ದೊಡ್ಡ ಭಾಗ ಇನ್ನೂ ಬಾಕಿ ಇತ್ತು. ಅದನ್ನು ಕೊಡುವ ವ್ಯವಸ್ಥೆಯೇ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಮೊದಲ ದಿನ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ?

ಅಕ್ಕನದು ಗರ್ಭಕಂಠದ ಕ್ಯಾನ್ಸರ್, 2ಬಿ ಹಂತ. ಪಕ್ಕಕ್ಕೆ ಹಬ್ಬಿದ್ದರಿಂದ ಆಪರೇಷನ್ ಬೇಡ ಅಂದರು. ಅದು ಸರಿಯೇ. ಈ ಹಂತದಲ್ಲಿ ಹೊರಗಿನಿಂದ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ, ಆಮೇಲೆ ಒಳಗಿನ ರೇಡಿಯೇಷನ್ ಅಂದರೆ ಬ್ರಾಕಿಥೆರಪಿ. ಮೂರೂ ಸೇರಿದರೇ ಪೂರ್ತಿ ಚಿಕಿತ್ಸೆ. ನಮಗೆ ಹೇಳಿದ್ದು ಮೊದಲ ಎರಡನ್ನು ಮಾತ್ರ.

ಐ.ಎಂ.ಆರ್.ಟಿ. ಮಷಿನ್ ಬಗ್ಗೆ ತುಂಬಾ ಹೊಗಳಿದ್ದರು. ಅದೇನೂ ಸುಳ್ಳಲ್ಲ. ಕಿರಣಗಳನ್ನು ಬೇಕಾದ ಆಕಾರಕ್ಕೆ ತಿದ್ದಿ ಕೊಡುವುದರಿಂದ ಕರುಳಿಗೆ ಬೀಳುವ ಪೆಟ್ಟು ಕಡಿಮೆ. ದಿನಾ ನೀರು ಕುಡಿದು, ಮೂತ್ರ ತಡೆದುಕೊಂಡು ಮಲಗಬೇಕಿತ್ತು, ಅಷ್ಟೇ. ಭೇದಿಯೂ ಜಾಸ್ತಿ ಆಗಲಿಲ್ಲ.

ತೊಂದರೆ ಶುರುವಾಗಿದ್ದು ಮೊದಲ ರೇಡಿಯೇಷನ್ ಆದ ದಿನದಿಂದ ಎಣಿಸಿದರೆ 36ನೇ ದಿನ. ‘ಒಳಗೆ ಕೊಳವೆ ಹಾಕಿ ಕೊಡುವುದು ಹಳೇ ವಿಧಾನ, ನೋವು ಬೇರೆ. ನಮ್ಮ ಮಷಿನ್‌ನಲ್ಲೇ ಹೊರಗಿನಿಂದ ಇನ್ನಷ್ಟು ಡೋಸ್ ಕೊಟ್ಟುಬಿಡೋಣ’ ಅಂದರು. ನೋವಿಲ್ಲ ಅಂದ ಕೂಡಲೇ ಅಕ್ಕ ತಲೆಯಾಡಿಸಿದಳು. ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನಿಂಗ್, ನಡುವೆ ಮಷಿನ್ ಕೆಟ್ಟಿತು. ಎರಡು ವಾರ ಹೀಗೇ ಹೋಯಿತು. ಯಾಕೋ ಮನಸ್ಸು ಒಪ್ಪದೆ, ಫೈಲ್ ಹಿಡಿದುಕೊಂಡು ಬೇರೆ ಡಾಕ್ಟರ ಹತ್ತಿರ ಹೋದೆ.

ಅವರು ರಿಪೋರ್ಟ್ ತೆರೆಯುವ ಮೊದಲೇ, ‘ಮೊದಲನೇ ರೇಡಿಯೇಷನ್ ಯಾವತ್ತು ಆಯಿತು?’ ಅಂದರು. ನಾನು ತಾರೀಖು ಹೇಳಿದೆ. ಕ್ಯಾಲೆಂಡರ್ ನೋಡಿ ಎಣಿಸಿದರು. 52 ದಿನ ಆಗಿತ್ತು. ಶುರುವಿನಿಂದ ಕೊನೆಯವರೆಗೆ ಎಲ್ಲವೂ 8 ವಾರದೊಳಗೆ, ಅಂದರೆ 56 ದಿನದೊಳಗೆ ಮುಗಿಯಬೇಕಂತೆ. ಎಳೆದಷ್ಟೂ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ.

ಹೊರಗಿನಿಂದ ಕೊಡುವುದು ಸುಮಾರು 45ರಿಂದ 50 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ). ಗಡ್ಡೆಗೆ ಒಟ್ಟು 85ರ ಹತ್ತಿರ ತಲುಪಬೇಕು. ಅಷ್ಟನ್ನೂ ಹೊರಗಿನಿಂದಲೇ ಕೊಡಲು ಹೋದರೆ ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ ತಡೆಯುವುದಿಲ್ಲ. ಗರ್ಭಕೋಶವೂ ಒಂದೇ ಕಡೆ ಇರುವುದಿಲ್ಲ, ಮೂತ್ರ ತುಂಬಿದ ಹಾಗೆ ಅತ್ತಿತ್ತ ಸರಿಯುತ್ತದೆ. ಬ್ರಾಕಿಥೆರಪಿಯಲ್ಲಿ ಕೊಳವೆ ಗರ್ಭಕೋಶದ ಒಳಗೇ ಇರುತ್ತದೆ. ಅದರೊಳಗೆ ಇರಿಡಿಯಂ-192 ಅನ್ನುವ ಪುಟ್ಟ ತುಣುಕು ಹೋಗಿ, ಕೆಲವು ನಿಮಿಷ ನಿಂತು ವಾಪಸ್ ಬರುತ್ತದೆ. ಗಡ್ಡೆಗೆ ಜೋರಾಗಿ ಬೀಳುತ್ತದೆ, ಸ್ವಲ್ಪ ದೂರ ಹೋದರೆ ಡೋಸ್ ಸರ್ರನೆ ಇಳಿಯುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನು ‘ಹಳೇ ವಿಧಾನ’ ಅನ್ನುವ ಮಾತು. ಈಗ ಎಂ.ಆರ್.ಐ. ನೋಡಿ, ಕುಗ್ಗಿದ ಗಡ್ಡೆಗೆ ತಕ್ಕಂತೆ ಪ್ರತಿ ಸಲ ಡೋಸ್ ಬದಲಿಸಿ ಕೊಡುತ್ತಾರೆ. ಹೀಗೆ ಚಿಕಿತ್ಸೆ ಪಡೆದ 1300ಕ್ಕೂ ಹೆಚ್ಚು ಹೆಂಗಸರ ಎಂಬ್ರೇಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 5 ವರ್ಷದ ಮಟ್ಟಿಗೆ ಆ ಜಾಗದಲ್ಲಿ ರೋಗ ಹತೋಟಿಯಲ್ಲಿದ್ದ ಪ್ರಮಾಣ 92%. ಇದನ್ನು ಹಳೇದು ಅಂತಾರಾ?

ಕೊನೆಗೆ ಬೇರೆ ಆಸ್ಪತ್ರೆಯಲ್ಲಿ ಅಕ್ಕನಿಗೆ ಬ್ರಾಕಿಥೆರಪಿ 4 ಸಲ ಕೊಟ್ಟರು, ಅರಿವಳಿಕೆ ಕೊಟ್ಟೇ. ಪ್ಲಾನಿಂಗ್ ಮುಗಿಯುವವರೆಗೆ ಅಲುಗಾಡದೆ ಮಲಗಿದ್ದಕ್ಕೆ ಸೊಂಟ ಹಿಡಿದುಕೊಂಡಿತು, ಅವಳು ಬೈದಿದ್ದು ಅದಕ್ಕೇ. ಕೊನೆಯದು ಮುಗಿದಾಗ 71ನೇ ದಿನ. ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಲಿಲ್ಲ. ಆದರೆ ತಡವಾದ ಆ 15 ದಿನದ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಶುರುವಾಗುವುದಿದ್ದರೆ, ಮೊದಲ ಡೋಸ್‌ಗೂ ಮುಂಚೆ ಕೇಳಿ: ಬ್ರಾಕಿಥೆರಪಿ ಇಲ್ಲೇ ಆಗುತ್ತದಾ? ಇಲ್ಲದಿದ್ದರೆ ಎಲ್ಲಿ, ಯಾವ ತಾರೀಖಿಗೆ? ಬೇಡ ಅಂದರೆ ಕಾರಣ ಗಡ್ಡೆಯದಾ, ಮಷಿನ್‌ನದಾ? ಕೆಲವರಿಗೆ ನಿಜಕ್ಕೂ ಕೊಳವೆ ಕೂರಿಸಲು ಆಗುವುದಿಲ್ಲ, ಅದು ಬೇರೆ ಮಾತು. ಆಗಲೂ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಇನ್ನೊಂದು ವಿಷಯ, ನಾಚಿಕೆಗೆ ಯಾರೂ ಬಾಯಿ ಬಿಡುವುದಿಲ್ಲ. ಈ ರೇಡಿಯೇಷನ್ ಆದ ಮೇಲೆ ಯೋನಿ ಕಿರಿದಾಗುತ್ತಾ ಬರಬಹುದು. ಹಾಗಾಗದಂತೆ ಡೈಲೇಟರ್, ಅಂದರೆ ಯೋನಿಯೊಳಗೆ ಇಟ್ಟು ಹಿಗ್ಗಿಸುವ ನುಣುಪಾದ ಸಾಧನ, ಬಳಸಬೇಕು, ಯಾವಾಗಿನಿಂದ ಅಂತ ಡಾಕ್ಟರನ್ನು ಕೇಳಿಕೊಳ್ಳಬೇಕು. ನಮಗೆ ಎರಡೂ ಕಡೆ ಹೇಳಲಿಲ್ಲ. ಮೂರು ತಿಂಗಳ ತಪಾಸಣೆಯಲ್ಲಿ ಡಾಕ್ಟರ್ ಒಳಗೆ ನೋಡಲು ಹೋದಾಗ ಅಕ್ಕ ನೋವಿಗೆ ಕಿರುಚಿದಳು. ಡೈಲೇಟರ್ ಅನ್ನುವ ಹೆಸರು ನಮ್ಮ ಕಿವಿಗೆ ಬಿದ್ದಿದ್ದು ಆವತ್ತು.